ಬಸಿರಿನ ಅತಿವಾಂತಿ ಮತ್ತು ಹೊಟ್ಟೆಯ ಸೋಂಕು: ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಹಿನ್ನೆಲೆಯಲ್ಲಿ ಪರೀಕ್ಷಾ ಮುಖ್ಯಾಂಶಗಳು

ಯಾರಿಗೆ ಉಪಯುಕ್ತ: ನರ್ಸಿಂಗ್, ಎಎನ್‌ಎಂ, ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗಳ ಪರೀಕ್ಷೆ ಬರೆಯುವವರಿಗೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗೆ.

ಒಂದೇ ಮಾತಿನಲ್ಲಿ: "ಬಸಿರಂದ್ರ ವಾಂತಿ ಇದ್ದದ್ದ ಬಿಡವ್ವ" ಎಂಬ ಹಿರಿಯರ ಸಮಾಧಾನ ಬಹುತೇಕರಿಗೆ ಸರಿ. ಉಳಿದವರಲ್ಲಿ ಇದು ಅತಿವಾಂತಿಯೋ, ಸೋಂಕೋ, ಇನ್ನೊಂದು ಕಾಯಿಲೆಯೋ ಎಂದು ಮೊದಲ ದಿನವೇ ಬೇರ್ಪಡಿಸಬೇಕು. ದೊಡ್ಡಾಸ್ಪತ್ರೆ ದೂರವಿರುವ ತಾಲ್ಲೂಕುಗಳಲ್ಲಿ ಈ ಬೇರ್ಪಡಿಸುವಿಕೆಯೇ ಅರ್ಧ ಚಿಕಿತ್ಸೆ.

## 1. ಪ್ರದೇಶದ ಹಿನ್ನೆಲೆ

- ನಾಲ್ಕೂ ತಾಲ್ಲೂಕುಗಳು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನವು. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ, ಕಡಲ ದಂಡೆಯಲ್ಲಿದೆ. ದಾಂಡೇಲಿ ಮೊದಲು ಹಳಿಯಾಳ ತಾಲ್ಲೂಕಿನ ಭಾಗವಾಗಿತ್ತು.
- ಕಾಳಿ ನದಿ ಹುಟ್ಟುವುದು ಜೊಯಿಡಾ ತಾಲ್ಲೂಕಿನ ಡಿಗ್ಗಿ ಬಳಿ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದ ಮೇಲೆ ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಬಂತು.
- ಜೊಯಿಡಾದಲ್ಲಿ ಕಾಡು ಹೆಚ್ಚು, ಜನವಸತಿ ವಿರಳ. ಮಜರೆಗಳಿಗೆ ಬಾವಿ, ಹಳ್ಳ, ಒರತೆಯ ನೀರೇ ಆಧಾರವಾದಲ್ಲಿ ಮಳೆಗಾಲದ ಮೊದಲ ನೆರೆಯಲ್ಲಿ ಮೇಲಿನ ಕೊಳಕೆಲ್ಲ ಅದೇ ನೀರಿಗೆ ಇಳಿಯುತ್ತದೆ. ಹೊಟ್ಟೆಯ ಸೋಂಕು ಏರುವ ಕಾಲವೂ ಅದೇ.
- ಈ ಭಾಗದಲ್ಲಿ ಕುಣಬಿ, ಸಿದ್ದಿ, ಗೌಳಿ ಸಮುದಾಯಗಳ ಜನ ಇದ್ದಾರೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ಕ್ಯಾಂಪುಗಳಿವೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಎಲ್ಲವೂ ಕಿವಿಗೆ ಬೀಳುತ್ತವೆ. "ಇವತ್ತು ಎಷ್ಟು ಸಲ ಮೂತ್ರ ಹೋಯಿತು?" ಎಂಬ ಪ್ರಶ್ನೆಯನ್ನು ಬಸುರಿಗೆ ತಿಳಿಯುವ ಮಾತಿನಲ್ಲೇ ಕೇಳಬೇಕು.
- ಮೇಲ್ದರ್ಜೆ ಚಿಕಿತ್ಸೆಗೆ ದಾಂಡೇಲಿ, ಹಳಿಯಾಳದವರು ಸಾಮಾನ್ಯವಾಗಿ ಧಾರವಾಡ–ಹುಬ್ಬಳ್ಳಿಯತ್ತ, ಮುಂಡಗೋಡದವರು ಹುಬ್ಬಳ್ಳಿಯತ್ತ ಹೋಗುತ್ತಾರೆ. ದಾಂಡೇಲಿಯಿಂದ ಧಾರವಾಡ ಸುಮಾರು 55 ಕಿ.ಮೀ. ಜೊಯಿಡಾದಿಂದ ಕಾರವಾರಕ್ಕೆ ಅಣಶಿ ಘಟ್ಟ ಇಳಿಯಬೇಕು.

## 2. ಸಾಮಾನ್ಯ ವಾಂತಿ ಮತ್ತು ಅತಿವಾಂತಿ

- ಗರ್ಭಿಣಿಯರಲ್ಲಿ ಶೇ. 70–80ರಷ್ಟು ಮಂದಿಗೆ ಓಕರಿಕೆ ಅಥವಾ ವಾಂತಿ ಇರುತ್ತದೆ. ಶುರುವಾಗುವುದು 4–7ನೇ ವಾರದಲ್ಲಿ, ತಾರಕಕ್ಕೇರುವುದು 9ನೇ ವಾರದ ಹೊತ್ತಿಗೆ, ಬಹುತೇಕರಲ್ಲಿ ತಗ್ಗುವುದು 12–16ನೇ ವಾರಕ್ಕೆ.
- "ಬೆಳಗಿನ ವಾಂತಿ" ಎಂದು ಕರೆದರೂ ಅದು ದಿನದ ಯಾವ ಹೊತ್ತಿಗೂ ಬರಬಹುದು.
- ಅತಿವಾಂತಿಯ ವೈದ್ಯಕೀಯ ಹೆಸರು ಹೈಪರ್‌ಎಮೆಸಿಸ್ ಗ್ರಾವಿಡಾರಮ್. ಕಾಣಿಸುವ ಪ್ರಮಾಣ ಸುಮಾರು ಶೇ. 0.3ರಿಂದ 3.
- 2021ರ ವಿಂಡ್ಸರ್ ವ್ಯಾಖ್ಯೆಯ ನಾಲ್ಕು ಅಂಶಗಳು: 16 ವಾರದೊಳಗೆ ಆರಂಭ, ತೀವ್ರ ಓಕರಿಕೆ ಅಥವಾ ವಾಂತಿ, ಎಂದಿನಂತೆ ತಿನ್ನಲು, ಕುಡಿಯಲು ಆಗದಿರುವುದು, ದಿನನಿತ್ಯದ ಕೆಲಸ ನಿಂತುಹೋಗುವಷ್ಟು ತೊಂದರೆ.
- ಹಳೆಯ ಪಠ್ಯಗಳ ಮೂರು ಗುರುತುಗಳು: ಗರ್ಭಪೂರ್ವ ತೂಕದ ಶೇ. 5ಕ್ಕಿಂತ ಹೆಚ್ಚು ಇಳಿಕೆ, ನಿರ್ಜಲೀಕರಣ, ಮೂತ್ರದಲ್ಲಿ ಕೀಟೋನ್.
- ಲೆಕ್ಕ: ತಾಯಿ ಕಾರ್ಡಿನಲ್ಲಿ ಮೊದಲ ಭೇಟಿಯ ತೂಕ 48 ಕೆ.ಜಿ. ಎಂದಿದ್ದರೆ ಶೇ. 5 ಎಂದರೆ 2.4 ಕೆ.ಜಿ. ಈಗ ತಕ್ಕಡಿ 45.5 ತೋರಿಸಿದರೆ ಗಡಿ ದಾಟಿದೆ. ವಾಂತಿ ಜೋರಾದ ಮೇಲೆ ಮೊದಲ ಸಲ ತೂಗಿದರೆ ಈ ಹೋಲಿಕೆಯೇ ಸಿಗುವುದಿಲ್ಲ. ಬೇಗ ನೋಂದಣಿ ಮಾಡಿಸಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.
- ಹೊಸ ತಿಳಿವಳಿಕೆ: ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ 2024ರ ಮಾರ್ಗಸೂಚಿಯಂತೆ ಮೂತ್ರದ ಕೀಟೋನ್ ನಿರ್ಜಲೀಕರಣದ ಅಳತೆಯಲ್ಲ, ಅದನ್ನು ನೋಡಿ ತೀವ್ರತೆ ನಿರ್ಧರಿಸಬಾರದು.

ಪಿಯುಕ್ಯುಇ ಅಂಕ: ವಾಂತಿಯ ತೀವ್ರತೆಯ ಅಳತೆ

- ಕೇಳುವ ಪ್ರಶ್ನೆ ಮೂರು: ಓಕರಿಕೆ ಎಷ್ಟು ತಾಸು ಇತ್ತು? ಎಷ್ಟು ಸಲ ವಾಂತಿಯಾಯಿತು? ಏನೂ ಬಾರದೆ ಬರೀ ಉಬ್ಬಳಿಕೆ ಎಷ್ಟು ಸಲ ಬಂತು?
- ಒಟ್ಟು ಅಂಕ 3ರಿಂದ 15. ಆರರವರೆಗೆ ಸೌಮ್ಯ, 7–12 ಮಧ್ಯಮ, 13 ಮತ್ತು ಮೇಲೆ ತೀವ್ರ.

## 3. ಕಾರಣ

- ಎಚ್‌ಸಿಜಿ ಮತ್ತು ಈಸ್ಟ್ರೋಜನ್ ಹಾರ್ಮೋನುಗಳ ಏರಿಕೆ ಪಠ್ಯಗಳು ಹೇಳುತ್ತ ಬಂದ ಕಾರಣ. ಅವಳಿ ಗರ್ಭ ಮತ್ತು ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಮೋಲಾರ್ ಗರ್ಭದಲ್ಲಿ ವಾಂತಿ ಹೆಚ್ಚು. ಆದ್ದರಿಂದ ತೀವ್ರ ವಾಂತಿಯಿದ್ದವರಿಗೆ ಸ್ಕ್ಯಾನಿಂಗ್ ಬೇಕು.
- ಜಿಡಿಎಫ್15: 2023ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಾರ್ಲೀನಾ ಫೆಜೊ, ಸ್ಟೀಫನ್ ಓ'ರಾಹಿಲಿ ಮತ್ತು ಸಂಗಡಿಗರ ಸಂಶೋಧನೆ ಪ್ರಕಟವಾಯಿತು. ಭ್ರೂಣ ಮತ್ತು ಮಾಸುವಿನಿಂದ ಬರುವ ಈ ಹಾರ್ಮೋನು ತಾಯಿಯ ಹಿಂಮಿದುಳಿನ ಮೇಲೆ ಕೆಲಸ ಮಾಡುತ್ತದೆ. ಗರ್ಭಕ್ಕೆ ಮೊದಲು ರಕ್ತದಲ್ಲಿ ಇದರ ಮಟ್ಟ ಕಡಿಮೆಯಿದ್ದವರಿಗೆ ಹಠಾತ್ ಏರಿಕೆ ತಾಳುವುದಿಲ್ಲ. ಅವರಲ್ಲೇ ವಾಂತಿ ಹೆಚ್ಚು.
- ಹಿಂದಿನ ಬಸಿರಿನಲ್ಲಿ ಅತಿವಾಂತಿ ಇದ್ದವರಿಗೆ, ತಾಯಿ ಅಥವಾ ಅಕ್ಕತಂಗಿಯರಿಗೆ ಇದ್ದವರಿಗೆ ಅಪಾಯ ಹೆಚ್ಚು. "ನಾಟಕ ಮಾಡ್ತಾಳ", "ಮನಸ್ಸಿನ ರೋಗ" ಎನ್ನುವ ಮಾತಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.
- ಹೆಲಿಕೋಬ್ಯಾಕ್ಟರ್ ಪೈಲೋರಿ: ಜಠರದಲ್ಲೇ ನೆಲೆಸುವ ಬ್ಯಾಕ್ಟೀರಿಯಾ. ಪತ್ತೆ ಮಾಡಿದವರು ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್; 2005ರ ನೊಬೆಲ್. ಅತಿವಾಂತಿ ಇರುವವರಲ್ಲಿ ಈ ಸೋಂಕು ಹೆಚ್ಚು ಕಂಡುಬಂದಿದೆ. ಇದ್ದವರೆಲ್ಲರಿಗೂ ವಾಂತಿ ಬರುವುದಿಲ್ಲ. ಹೀಗಾಗಿ ಇದು ಅಪಾಯಕಾರಿ ಅಂಶಗಳಲ್ಲೊಂದು, ಏಕೈಕ ಕಾರಣವಲ್ಲ.

## 4. ಸೋಂಕೋ, ಅತಿವಾಂತಿಯೋ?

| ಗಮನಿಸುವ ಅಂಶ | ಅತಿವಾಂತಿ | ಹೊಟ್ಟೆಯ ಸೋಂಕು |
|---|---|---|
| ಆರಂಭ | 16 ವಾರದೊಳಗೆ, ನಿಧಾನವಾಗಿ ಏರುತ್ತದೆ | ಯಾವ ತಿಂಗಳಲ್ಲೂ, ಒಮ್ಮೆಲೇ |
| ಭೇದಿ | ಸಾಮಾನ್ಯವಾಗಿ ಇಲ್ಲ. ಮಲಬದ್ಧತೆಯೇ ಹೆಚ್ಚು | ಹೆಚ್ಚಾಗಿ ಇರುತ್ತದೆ |
| ಜ್ವರ | ಇಲ್ಲ | ಇರಬಹುದು |
| ಹೊಟ್ಟೆನೋವು | ಪ್ರಧಾನವಲ್ಲ | ನುಲಿಯುವ ನೋವು |
| ಮನೆಯ ಇತರರು | ಚೆನ್ನಾಗಿದ್ದಾರೆ | ಒಬ್ಬಿಬ್ಬರಿಗೂ ವಾಂತಿ-ಭೇದಿ |
| ವಾಸನೆಯ ತೊಂದರೆ | ಒಗ್ಗರಣೆ, ಅನ್ನದ ಹಬೆಯೂ ಆಗದು. ಬಾಯಲ್ಲಿ ನೀರೂರುತ್ತದೆ | ಮುಖ್ಯ ಲಕ್ಷಣವಲ್ಲ |
| ಅವಧಿ | ವಾರಗಟ್ಟಲೆ | ಹೆಚ್ಚಿನವು ಕೆಲವೇ ದಿನ |

- ಎರಡೂ ಒಟ್ಟಿಗೆ ಬರಬಹುದು. ಮೊದಲೇ ಅತಿವಾಂತಿಯಿಂದ ಸೊರಗಿದವಳಿಗೆ ಸೋಂಕು ತಗುಲಿದರೆ ತಾಸುಗಳಲ್ಲೇ ಸ್ಥಿತಿ ಕೆಡುತ್ತದೆ.
- ಸೋಂಕಿಗೆ ಕಾರಣವಾಗುವವು: ವೈರಸ್‌ಗಳಲ್ಲಿ ನೋರೋ, ರೋಟಾ, ಬ್ಯಾಕ್ಟೀರಿಯಾಗಳಲ್ಲಿ ಇ. ಕೋಲಿ, ಶಿಗೆಲ್ಲಾ, ಸಾಲ್ಮೊನೆಲ್ಲಾ, ವಿಬ್ರಿಯೊ ಕಾಲರೆ; ಪರೋಪಜೀವಿಗಳಲ್ಲಿ ಎಂಟಮೀಬಾ, ಜಿಯಾರ್ಡಿಯಾ.
- ಹೆಪಟೈಟಿಸ್-ಇ ಪ್ರತ್ಯೇಕವಾಗಿ ಓದಿ. ಕಲುಷಿತ ನೀರಿನಿಂದ ಬರುವ ಕಾಮಾಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕೊನೆಯ ತ್ರೈಮಾಸಿಕದಲ್ಲಿ ತಗುಲಿದ ಗರ್ಭಿಣಿಯರಲ್ಲಿ ಶೇ. 20–25ರವರೆಗೆ ಸಾವು ಸಂಭವಿಸಬಹುದು. ವಾಂತಿಯ ಜೊತೆ ಕಣ್ಣು ಹಳದಿ, ಮೂತ್ರ ಗಾಢ ಹಳದಿ ಎಂದರೆ ನಾಟಿ ಔಷಧಿಗೆ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು.
- ಲಿಸ್ಟೀರಿಯಾ: ಕಾಯಿಸದ ಹಾಲು ಮುಖ್ಯ ಮೂಲಗಳಲ್ಲೊಂದು. ತಾಯಿಗೆ ಬರೀ ಜ್ವರ-ಮೈಕೈನೋವು, ಆದರೆ ಗರ್ಭಪಾತಕ್ಕೂ ಕಾರಣವಾಗಬಲ್ಲದು. ಮನೆಯಲ್ಲೇ ಹೈನ ಇರುವ ಗೌಳಿವಾಡಗಳಲ್ಲಿ ಹಸಿ ಹಾಲು ಬೇಡ, ಕುದಿಸಿಯೇ ಕುಡಿಯಿರಿ ಎಂಬ ಮಾತನ್ನು ಮರೆಯದೆ ಹೇಳಬೇಕು.

ವಾಂತಿಯ ವೇಷದಲ್ಲಿ ಬರುವ ಇತರ ಕಾಯಿಲೆಗಳು

- ಮೂತ್ರದ ಸೋಂಕು: ಉರಿ, ಸೊಂಟದ ಬದಿಯ ನೋವು, ಚಳಿಜ್ವರ.
- ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು: ಒಂದೇ ಕಡೆ ನಿಲ್ಲುವ ನೋವು.
- ಮಲೇರಿಯಾ, ಇಲಿಜ್ವರ, ಮಂಗನ ಕಾಯಿಲೆ: ಜ್ವರವೇ ಮುಂದು. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಉತ್ತರ ಕನ್ನಡವೂ ಬಾಧಿತ ಜಿಲ್ಲೆ. ಕಾಡಿಗೆ ಸೌದೆ, ದರಕಿಗೆ ಹೋಗಿ ಬಂದವಳಿಗೆ ಜ್ವರ-ತಲೆನೋವು-ವಾಂತಿ ಎಂದರೆ ಉಣ್ಣೆ ಕಚ್ಚಿತೇ ಎಂದು ಕೇಳಬೇಕು.
- 20 ವಾರದ ನಂತರ ಹೊಸದಾಗಿ ಶುರುವಾದ ವಾಂತಿ: ಮೊದಲು ಬಿ.ಪಿ. ನೋಡಿ. ತಲೆನೋವು, ಕಣ್ಣು ಮಂಜು, ಎದೆಗುಂಡಿಯ ಕೆಳಗೆ ನೋವು ಇದ್ದರೆ ಪ್ರೀಎಕ್ಲಾಂಪ್ಸಿಯಾ ಶಂಕೆ. ಇದನ್ನು ಗ್ಯಾಸ್ಟ್ರಿಕ್ ಎಂದು ಗುಳಿಗೆ ಕೊಟ್ಟು ಕಳಿಸುವುದು ಗಂಭೀರ ತಪ್ಪು.

## 5. ದೇಹದಲ್ಲಿ ಆಗುವ ಏರುಪೇರು

- ವಾಂತಿಯಲ್ಲಿ ಜಠರದ ಆಮ್ಲ ಹೊರಹೋಗಿ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಇಳಿಯುತ್ತವೆ, ರಕ್ತ ಕ್ಷಾರೀಯವಾಗುತ್ತದೆ. ಭೇದಿಯಲ್ಲಿ ಬೈಕಾರ್ಬನೇಟ್ ಹೋಗುವುದರಿಂದ ರಕ್ತ ಆಮ್ಲೀಯವಾಗುತ್ತದೆ. ಈ ವ್ಯತ್ಯಾಸ ನೆನಪಿರಲಿ.
- ಬಿ1 ಜೀವಸತ್ವ ಥಯಾಮಿನ್ ಬರಿದಾದರೆ ವೆರ್ನಿಕೆ ಎನ್‌ಸೆಫಲೋಪತಿ: ಗೊಂದಲ, ಕಣ್ಣಿನ ಚಲನೆಯ ದೋಷ, ತೂರಾಡುವ ನಡಿಗೆ.
- ವಾಂತಿಯ ರಭಸಕ್ಕೆ ಅನ್ನನಾಳದ ಒಳಪದರ ಹರಿದು ರಕ್ತ ಬಂದರೆ ಮ್ಯಾಲರಿ–ವೈಸ್ ಸೀಳು.
- ನೀರಿನಂಶ ಕುಂದಿ ಹಾಸಿಗೆ ಹಿಡಿದವರಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ.
- ಮಗುವಿಗೆ: ಸಾಮಾನ್ಯ ವಾಂತಿಯಿಂದ ಹಾನಿಯಿಲ್ಲ. ತಾಯಿಯ ತೂಕ ಬಹಳ ಇಳಿದರೆ ಕಡಿಮೆ ತೂಕದ ಮಗು, ಅವಧಿಪೂರ್ವ ಹೆರಿಗೆಯ ಸಾಧ್ಯತೆ ಹೆಚ್ಚು.

## 6. ಚಿಕಿತ್ಸೆ

ಮನೆಯಲ್ಲಿ

- ಹೊಟ್ಟೆ ಖಾಲಿ ಬಿಡಬಾರದು, ತುಂಬಿಸಲೂ ಬಾರದು. ಎರಡು ತಾಸಿಗೊಮ್ಮೆ ಸ್ವಲ್ಪ: ಚುರುಮುರಿ, ಒಣ ರೊಟ್ಟಿ, ಗಂಜಿ, ಬೇಯಿಸಿದ ಗೆಣಸು. ಜೊಯಿಡಾದ ಕುಣಬಿ ಮನೆಗಳಲ್ಲಿ ಗೆಡ್ಡೆಗೆಣಸಿಗೆ ಕೊರತೆಯಿಲ್ಲ. ಹೊಸದೇನನ್ನೂ ಕೊಂಡು ತರಬೇಕಿಲ್ಲ.
- ಶುಂಠಿ ಸೌಮ್ಯ ಓಕರಿಕೆಗೆ ನೆರವಾಗುತ್ತದೆ. ತೀವ್ರ ವಾಂತಿಗೆ ಅದೊಂದೇ ಸಾಲದು.
- ಕಬ್ಬಿಣದ ಮಾತ್ರೆಯಿಂದ ವಾಂತಿ ಹೆಚ್ಚಿದರೆ ವೈದ್ಯರನ್ನು ಕೇಳಿ ಕೆಲದಿನ ನಿಲ್ಲಿಸಬಹುದು. ಮೊದಲ ಮೂರು ತಿಂಗಳು ಮುಖ್ಯವಾದುದು ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ. 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಎರಡನೇ ತ್ರೈಮಾಸಿಕದಿಂದ 180 ದಿನ.

ಓಆರ್‌ಎಸ್

- ಒಂದು ಲೀಟರಿನ ಪ್ಯಾಕೆಟ್‌ನಲ್ಲಿ: ಉಪ್ಪು 2.6 ಗ್ರಾಂ, ಗ್ಲುಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಆಸ್ಮೊಲಾರಿಟಿ 245, ಹಳೆಯ ಸೂತ್ರದ್ದು 311.
- ಪ್ಯಾಕೆಟ್ ಇಲ್ಲದಾಗ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟಸ ಚಮಚ ಉಪ್ಪು.
- ಗಟಗಟ ಕುಡಿಸಿದರೆ ಅಷ್ಟೂ ಹೊರಬರುತ್ತದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ಗುಟುಕು ಗುಟುಕಾಗಿ. ಕಲಸಿದ್ದನ್ನು 24 ತಾಸಿನ ಮೇಲೆ ಚೆಲ್ಲಬೇಕು.

ಆಸ್ಪತ್ರೆಯಲ್ಲಿ

- ಈ ಕಡೆ ಜನ ಕೇಳುವುದು "ಒಂದು ಸಲಾಯಿನ್ ಹಚ್ರಿ" ಎಂದು. ಬಾಟಲಿಯಲ್ಲಿ ಏನಿದೆ ಎಂಬುದೇ ಪರೀಕ್ಷೆಯ ಪ್ರಶ್ನೆ. ಅತಿವಾಂತಿಗೆ ಮೊದಲ ಆಯ್ಕೆ ಶೇ. 0.9ರ ನಾರ್ಮಲ್ ಸಲೈನ್, ರಕ್ತಪರೀಕ್ಷೆಯಂತೆ ಪೊಟ್ಯಾಸಿಯಂ ಸೇರಿಸಿ.
- ಮೊದಲು ಥಯಾಮಿನ್, ಆಮೇಲೆ ಡೆಕ್ಸ್‌ಟ್ರೋಸ್. ದಿನಗಟ್ಟಲೆ ಉಪವಾಸವಿದ್ದವಳಿಗೆ ನೇರವಾಗಿ ಗ್ಲುಕೋಸ್ ಹಚ್ಚಿದರೆ, ಉಳಿದಿದ್ದ ಥಯಾಮಿನ್ ಅದನ್ನು ಅರಗಿಸುವುದಕ್ಕೇ ಮುಗಿದು ವೆರ್ನಿಕೆ ತಲೆದೋರಬಹುದು.
- ಸೋಡಿಯಂ ಬಹಳ ಇಳಿದಿದ್ದರೆ ನಿಧಾನವಾಗಿ ಸರಿಪಡಿಸಬೇಕು. ಅವಸರಿಸಿದರೆ ಮಿದುಳುಕಾಂಡಕ್ಕೆ ಹಾನಿ.
- ಕಾಲರಾದಂತಹ ಭೇದಿಯಿಂದ ತೀವ್ರ ನಿರ್ಜಲೀಕರಣವಾದ ವಯಸ್ಕರಿಗೆ ರಿಂಗರ್ ಲ್ಯಾಕ್ಟೇಟ್, ಕೆ.ಜಿ.ಗೆ 100 ಮಿ.ಲೀ.: ಮೊದಲ ಅರ್ಧ ತಾಸಿನಲ್ಲಿ 30, ಮುಂದಿನ ಎರಡೂವರೆ ತಾಸಿನಲ್ಲಿ 70.

ಔಷಧಿ: ವೈದ್ಯರ ಸಲಹೆಯಿಂದ ಮಾತ್ರ

- ವಾಂತಿಗೆ ಮೊದಲ ಸಾಲಿನಲ್ಲಿ ಡಾಕ್ಸಿಲಮಿನ್ 10 ಮಿ.ಗ್ರಾಂ + ಪಿರಿಡಾಕ್ಸಿನ್ 10 ಮಿ.ಗ್ರಾಂ, ಪ್ರೊಮೆಥಜಿನ್‌ನಂತಹ ಆಂಟಿಹಿಸ್ಟಮಿನ್.
- ಮೆಟೊಕ್ಲೊಪ್ರಮೈಡ್: ಗರಿಷ್ಠ 5 ದಿನ, ಕುತ್ತಿಗೆ, ದವಡೆ ಸೆಟೆಯುವ ಅಡ್ಡಪರಿಣಾಮ ಗೊತ್ತಿರಲಿ.
- ಆಂಡನ್‌ಸೆಟ್ರಾನ್: ಎರಡನೇ ಸಾಲು. ಮೊದಲ ತ್ರೈಮಾಸಿಕದಲ್ಲಿ ಸೀಳುತುಟಿ-ಅಂಗುಳದ ಅಪಾಯ 10,000ಕ್ಕೆ ಸುಮಾರು 3ರಷ್ಟು ಹೆಚ್ಚು. ಬೇಕಾದಾಗ ಕೊಡದೆ ಬಿಡುವಷ್ಟು ದೊಡ್ಡ ಅಪಾಯವಲ್ಲ.
- ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಗರ್ಭಿಣಿಯ ಕಾಲರಾಕ್ಕೆ ಅಜಿತ್ರೊಮೈಸಿನ್ 1 ಗ್ರಾಂ ಒಂದೇ ಸಲ. ಡಾಕ್ಸಿಸೈಕ್ಲಿನ್, ನಾರ್‌ಫ್ಲಾಕ್ಸಸಿನ್ ಮುಂತಾದವನ್ನು ಸಾಮಾನ್ಯವಾಗಿ ದೂರವಿಡುತ್ತಾರೆ. ಮೆಡಿಕಲ್ ಶಾಪಿನಲ್ಲಿ "ಭೇದಿ ಗುಳಿಗಿ" ಕೇಳಿ ನುಂಗುವುದು ಅದಕ್ಕೇ ಬೇಡ.

## 7. ತಡಮಾಡದೆ ಸಾಗಿಸಬೇಕಾದ ಲಕ್ಷಣಗಳು

1. 24 ತಾಸಿನಿಂದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.
2. 8 ತಾಸಿನಿಂದ ಮೂತ್ರವಿಲ್ಲ, ಅಥವಾ ಕಡು ಬಣ್ಣದ ಕೆಲವೇ ಹನಿ.
3. ನಿಂತರೆ ಕಣ್ಣು ಕತ್ತಲೆ, ನಾಡಿ ವೇಗ, ನಾಲಿಗೆ ಒಣಗಿದೆ.
4. ವಾಂತಿ ಅಥವಾ ಮಲದಲ್ಲಿ ರಕ್ತ.
5. ಜ್ವರ, ಬಿಡದ ಹೊಟ್ಟೆನೋವು, ಕಣ್ಣು ಹಳದಿ.
6. ಗೊಂದಲ, ತೊದಲು ಮಾತು, ಅತಿಯಾದ ನಿದ್ದೆಗಣ್ಣು.
7. ಯೋನಿಯಿಂದ ರಕ್ತ, ನೀರು. 20 ವಾರದ ನಂತರ ಹೊಸ ವಾಂತಿ. ಮಗುವಿನ ಮಿಸುಕಾಟ ಕಡಿಮೆ.

ಮಾದರಿ ಪ್ರಸಂಗ: ಜೊಯಿಡಾ ತಾಲ್ಲೂಕಿನ ಒಂದು ಮಜರೆ. ಜುಲೈ ತಿಂಗಳು. 10 ವಾರದ ಗರ್ಭಿಣಿಗೆ ಎರಡು ವಾರದಿಂದ ವಾಂತಿ. ನಿನ್ನೆಯಿಂದ ಭೇದಿಯೂ ಸೇರಿದೆ. ಅತ್ತೆಗೂ ಭೇದಿ. ಬೆಳಿಗ್ಗೆಯಿಂದ ಮೂತ್ರ ಒಂದೇ ಸಲ, ಅದೂ ಕಡು ಹಳದಿ. ಉತ್ತರದ ಹಾದಿ: ಮೊದಲಿನಿಂದ ಇದ್ದದ್ದು ಬಸಿರಿನ ವಾಂತಿ, ನಿನ್ನೆ ಸೇರಿದ್ದು ಸೋಂಕು. ಅತ್ತೆಯ ಭೇದಿ ನೀರಿನತ್ತ ಬೆರಳು ಮಾಡುತ್ತದೆ. ನಾಡಿ, ಬಿ.ಪಿ., ತೂಕ, ಜ್ವರ ನೋಡಿ. ಓಆರ್‌ಎಸ್ ಗುಟುಕಿಸಲು ಹಚ್ಚಿ. ಹಳ್ಳ ಏರುವ ಮೊದಲೇ 108ಕ್ಕೆ ಕರೆ ಮಾಡಿ. ತಾಯಿ ಕಾರ್ಡ್ ಜೊತೆಗಿಡಿ. ಮನೆಯವರು ನೀರು ತರುವ ಬಾವಿಗೆ ಕ್ಲೋರಿನ್ ಹಾಕಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರದಿ ಮಾಡಿ.

## 8. ತಡೆ: ಬಾವಿಯಿಂದ ಬಾಯಿಯವರೆಗೆ

- 1000 ಲೀಟರ್ ನೀರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್. ಒಳ್ಳೆಯ ಪುಡಿಯಲ್ಲಿ ಕ್ಲೋರಿನ್ ಸುಮಾರು ಶೇ. 33.
- ಬಾವಿಯ ನೀರು, ಲೀಟರ್‌ಗಳಲ್ಲಿ = 3.14 × ವ್ಯಾಸ × ವ್ಯಾಸ × ನೀರಿನ ಆಳ ÷ 4 × 1000. ಅಳತೆ ಮೀಟರ್‌ನಲ್ಲಿರಲಿ. 2 ಮೀಟರ್ ಅಗಲ, 3 ಮೀಟರ್ ನೀರಿದ್ದರೆ 9,420 ಲೀಟರ್. ಬೇಕಾದ ಪುಡಿ ಸುಮಾರು 24 ಗ್ರಾಂ.
- ವಿಧಾನ: ಪುಡಿಯನ್ನು ಬಕೆಟ್‌ನಲ್ಲಿ ಸ್ವಲ್ಪ ನೀರಿನಿಂದ ತೆಳ್ಳಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, 5–10 ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಸಿದು, ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಬೇಕು. ತಳದ ಸುಣ್ಣ ಬಾವಿಗೆ ಹಾಕಬಾರದು, ನೀರು ಗಡುಸಾಗುತ್ತದೆ.
- ಒಂದು ತಾಸು ಬಿಟ್ಟು ಬಳಸಬೇಕು. ಆಗ ಉಳಿದಿರಬೇಕಾದ ಮುಕ್ತ ಕ್ಲೋರಿನ್ ಲೀಟರಿಗೆ 0.5 ಮಿ.ಗ್ರಾಂ. ಪುಡಿಯ ಪ್ರಮಾಣ ಕಂಡುಹಿಡಿಯುವ ಸಾಧನ ಹೊರಾಕ್ಸ್ ಉಪಕರಣ.
- ಕುದಿಸಿದ ನೀರು, ಮುಚ್ಚಿದ ಕೊಡ, ಉದ್ದ ಹಿಡಿಯ ಸೌಟು. ಶೌಚದ ನಂತರ ಮತ್ತು ಅಡುಗೆಗೆ ಮುನ್ನ ಸೋಪು. ನಿನ್ನೆಯ ಸಾರು ಕುದಿಸದೆ ಬೇಡ.

## 9. ಸರ್ಕಾರಿ ನೆರವು

- ತಪಾಸಣೆ: ದೇಶದಲ್ಲಿ ಕನಿಷ್ಠ 4, ವಿಶ್ವ ಆರೋಗ್ಯ ಸಂಸ್ಥೆಯ 2016ರ ಶಿಫಾರಸು 8. ಮೊದಲನೆಯದು 12 ವಾರದೊಳಗೆ.
- ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ, 2016: ಪ್ರತಿ ತಿಂಗಳ 9ರಂದು ಉಚಿತ ತಪಾಸಣೆ.
- ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, 2011: ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ, ಊಟ, ರಕ್ತ, ಸಾಗಣೆ ಉಚಿತ.
- 108 ಆರೋಗ್ಯ ಕವಚ: ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ. ಸಲಹೆಗೆ 104.
- ಮಾತೃಪೂರ್ಣ, 2017ರ ಅಕ್ಟೋಬರ್ 2: ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಗೆ ಮಧ್ಯಾಹ್ನದ ಬಿಸಿಯೂಟ. ದಿನವೂ ಬರುತ್ತಿದ್ದವಳು ಎರಡು ದಿನ ಊಟಕ್ಕೆ ಬಾರದಿದ್ದರೆ ಅದೇ ಮೊದಲ ಸೂಚನೆ. ಕಾರ್ಯಕರ್ತೆ ಮನೆಗೆ ಹೋಗಿ ವಿಚಾರಿಸಬೇಕು.

## 10. ಒಂದೇ ಸಾಲಿನಲ್ಲಿ

- 1971ರ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಓಆರ್‌ಎಸ್ ಬಳಸಿ ಪ್ರಾಣ ಉಳಿಸಿದವರು? ದಿಲೀಪ್ ಮಹಲನಬಿಸ್, 2023ರಲ್ಲಿ ಮರಣೋತ್ತರ ಪದ್ಮವಿಭೂಷಣ.
- ಬಸಿರಿನ ಓಕರಿಕೆಗೂ ಕೊಡಲಾಗಿ ಮಕ್ಕಳ ಅಂಗವೈಕಲ್ಯಕ್ಕೆ ಕಾರಣವಾದ, 1961ರಲ್ಲಿ ಜರ್ಮನಿಯಲ್ಲಿ ಹಿಂಪಡೆದ ಔಷಧಿ? ಥಾಲಿಡೊಮೈಡ್.
- ಅದಕ್ಕೆ ಅಮೆರಿಕದಲ್ಲಿ ಅನುಮತಿ ತಡೆದ ಅಧಿಕಾರಿ? ಫ್ರಾನ್ಸಿಸ್ ಕೆಲ್ಸಿ.
- 1983ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಗಿ 2013ರಲ್ಲಿ ಮತ್ತೆ ಅನುಮತಿ ಪಡೆದ ಜೋಡಿ? ಡಾಕ್ಸಿಲಮಿನ್–ಪಿರಿಡಾಕ್ಸಿನ್.
- 2012ರ ಡಿಸೆಂಬರಿನಲ್ಲಿ ಅತಿವಾಂತಿಯಿಂದ ಲಂಡನ್ನಿನ ಆಸ್ಪತ್ರೆ ಸೇರಿ ಈ ಕಾಯಿಲೆಯನ್ನು ಜಗತ್ತಿನ ಸುದ್ದಿಯಾಗಿಸಿದವರು? ಬ್ರಿಟನ್ ರಾಜಮನೆತನದ ಕೇಟ್ ಮಿಡಲ್‌ಟನ್.

## ಉತ್ತರ ಬರೆಯುವಾಗ

ಐದು ಅಂಕದ ಪ್ರಶ್ನೆಗೆ ಕ್ರಮ ಹೀಗಿರಲಿ: ವ್ಯಾಖ್ಯೆ ಎರಡು ಸಾಲು; ಸೋಂಕಿನಿಂದ ಬೇರ್ಪಡಿಸುವ ನಾಲ್ಕು ಅಂಶ; ಅಪಾಯದ ಲಕ್ಷಣ ಮೂರು; ದ್ರವ, ಥಯಾಮಿನ್, ವಾಂತಿ ನಿಲ್ಲಿಸುವ ಔಷಧಿ; ಕೊನೆಗೆ ನೀರಿನ ಶುದ್ಧೀಕರಣ ಮತ್ತು ಸಾಗಣೆ. ಹೆಚ್ಚಿನವರು ಔಷಧಿಗಳ ಹೆಸರಿನಲ್ಲೇ ಪುಟ ತುಂಬಿಸಿ ಸಾಗಣೆಯನ್ನು ಬಿಟ್ಟುಬಿಡುತ್ತಾರೆ. ಪ್ರಶ್ನೆಯಲ್ಲಿ ಗುಡ್ಡಗಾಡು ತಾಲ್ಲೂಕಿನ ಹೆಸರಿದ್ದರೆ ಅಂಕ ಇರುವುದು ಅಲ್ಲೇ: ಯಾವ ಲಕ್ಷಣ ಕಂಡಾಗ, ಎಷ್ಟು ತಾಸಿನೊಳಗೆ, ಯಾವ ಆಸ್ಪತ್ರೆಗೆ ಕಳಿಸುತ್ತೀರಿ ಎಂದು ಸ್ಪಷ್ಟವಾಗಿ ಬರೆಯಿರಿ.